ಕೇಪಳದ ಗಿಡ ಹಳದಿಯಾಗದಂತೆ ಬೆಳೆಸುವುದು: ಮಣ್ಣಿನ ಪರೀಕ್ಷೆಯಿಂದ ಸವರುವಿಕೆಯವರೆಗೆ

ನರ್ಸರಿಯಲ್ಲಿ ಕಡುಹಸಿರು ಎಲೆಗಳೂ ಕೆಂಪು ಗೊಂಚಲುಗಳೂ ತುಂಬಿಕೊಂಡಿದ್ದ ಕೇಪಳದ, ಅಂದರೆ ಇಕ್ಸೋರಾದ, ಗಿಡವು ಮನೆಯ ಅಂಗಳಕ್ಕೆ ಬಂದು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಚಿಗುರೆಲೆಗಳನ್ನು ಹಳದಿಯಾಗಿಸಿಕೊಂಡು, ಬೆಳವಣಿಗೆ ನಿಲ್ಲಿಸಿ, ಹೂವನ್ನೇ ಬಿಡದೆ ಸೊರಗುತ್ತದೆ ಎಂಬ ದೂರು ಬಯಲುಸೀಮೆಯ ಊರುಗಳಿಂದ ಮತ್ತೆ ಮತ್ತೆ ಬರುತ್ತದೆ. ಬೆಂಗಳೂರಿನ ಹೊಸ ಬಡಾವಣೆಗಳಲ್ಲಂತೂ ಇದು ಸಾಮಾನ್ಯ ದೃಶ್ಯ. ಗಿಡ ಹಳದಿಯಾದ ಕೂಡಲೇ ಹೆಚ್ಚಿನವರು ಗೊಬ್ಬರ ಹಾಕುತ್ತಾರೆ. ಅದರಿಂದ ಫಲ ಕಾಣದಿದ್ದರೆ ಇನ್ನಷ್ಟು ಹಾಕುತ್ತಾರೆ. ಕೊನೆಗೆ ಗಿಡವನ್ನು ಕಿತ್ತು ಅದೇ ಜಾಗದಲ್ಲಿ ಮತ್ತೊಂದನ್ನು ನೆಡುತ್ತಾರೆ, ಅದೂ ಅದೇ ದಾರಿ ಹಿಡಿಯುತ್ತದೆ.

ಇಲ್ಲಿ ತಪ್ಪುತ್ತಿರುವುದು ಕೆಲಸಗಳ ಅನುಕ್ರಮ. ಕೇಪಳಕ್ಕೆ ಹುಳಿ ಗುಣದ, ಎಂದರೆ ಆಮ್ಲೀಯವಾದ ಮಣ್ಣು ಬೇಕು. ಮಣ್ಣಿನ ರಸಸಾರ, ಅಂದರೆ ಪಿಎಚ್ (ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು, 7 ದಾಟಿದರೆ ಕ್ಷಾರ), 5ರಿಂದ 6ರ ನಡುವೆ ಇದ್ದರೆ ಅದು ಸಂತೋಷವಾಗಿ ಬೆಳೆಯುತ್ತದೆ, 6.5ರವರೆಗೂ ಹೊಂದಿಕೊಳ್ಳುತ್ತದೆ, 7 ದಾಟಿದರೆ ಮಣ್ಣಿನಲ್ಲಿ ಕಬ್ಬಿಣದ ಅಂಶ ಎಷ್ಟೇ ಇದ್ದರೂ ಅದನ್ನು ಹೀರಿಕೊಳ್ಳಲು ಬೇರಿಗೆ ಸಾಧ್ಯವಾಗದೆ ಚಿಗುರು ಹಳದಿಯಾಗುತ್ತದೆ. ಆದ್ದರಿಂದ ಮೊದಲು ಮಣ್ಣು ಮತ್ತು ನೀರು, ಆಮೇಲೆ ಗಿಡ, ಅದರ ನಂತರ ಅಗತ್ಯವಿದ್ದರೆ ಕಬ್ಬಿಣ, ಎಲ್ಲಕ್ಕೂ ಕೊನೆಗೆ ಗೊಬ್ಬರ. ಈ ಮಾರ್ಗದರ್ಶಿಯ ಹಂತಗಳು ಇದೇ ಕ್ರಮದಲ್ಲಿವೆ. ಒಂದನ್ನು ಬಿಟ್ಟು ಮುಂದಿನದಕ್ಕೆ ಹೋಗಬೇಡಿ ಎಂಬುದು ನನ್ನ ಕಳಕಳಿಯ ವಿನಂತಿ.

ಮೊದಲೇ ಹೊಂದಿಸಿಕೊಳ್ಳಬೇಕಾದವು

ಪಿಎಚ್ ಪರೀಕ್ಷಾ ಕಾಗದ, ಬಿಳಿ ವಿನೆಗರ್, ಭಟ್ಟಿ ಇಳಿಸಿದ ನೀರು, ಗುದ್ದಲಿ, ಹಾರೆ, ಹರಿತವಾದ ಕೊಂಬೆ ಕತ್ತರಿ, ಒಂದು ಲೀಟರಿನ ಕೈ ಸ್ಪ್ರೇಯರ್, ಕೈಗವಸು, ಗ್ರಾಂ ಲೆಕ್ಕದಲ್ಲಿ ತೂಗುವ ಸಣ್ಣ ತಕ್ಕಡಿ. ಭಟ್ಟಿ ಇಳಿಸಿದ ನೀರು ವಾಹನದ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಎಂದು ಅಂಗಡಿಗಳಲ್ಲಿ ಸಿಗುತ್ತದೆ; ಬ್ಯಾಟರಿ ಆಸಿಡ್ ಎಂಬುದು ಬೇರೆ ವಸ್ತುವಾದ್ದರಿಂದ ಡಬ್ಬಿಯ ಮೇಲಿನ ಹೆಸರನ್ನು ಓದಿಯೇ ಕೊಳ್ಳಬೇಕು. ತಕ್ಕಡಿ ಇಲ್ಲದೆ ಚಮಚದ ಅಂದಾಜಿನಲ್ಲಿ ಅನ್ನಭೇದಿ ಎಂಬ ಕಬ್ಬಿಣದ ಲವಣವನ್ನೋ ಗಂಧಕವನ್ನೋ ಹಾಕಿದವರೇ ಗಿಡಗಳನ್ನು ಹೆಚ್ಚಾಗಿ ಸುಟ್ಟಿರುವುದು.

ಹಂತ 1: ಮಣ್ಣನ್ನು ಪರೀಕ್ಷಿಸುವುದು

ಗಿಡ ನೆಡಬೇಕೆಂದಿರುವ ಜಾಗದ ನಾಲ್ಕೈದು ಕಡೆಗಳಲ್ಲಿ ಒಂದು ಗೇಣು ಆಳದವರೆಗಿನ ಮಣ್ಣನ್ನು ತೆಗೆದು, ಕಲ್ಲು ಕಸ ಆರಿಸಿ, ಬೆರೆಸಿ, ನೆರಳಿನಲ್ಲಿ ಒಣಗಿಸಿ. ಒಂದು ಗಾಜಿನ ಲೋಟದಲ್ಲಿ ಒಂದು ಪಾಲು ಮಣ್ಣಿಗೆ ಎರಡು ಪಾಲು ಭಟ್ಟಿ ಇಳಿಸಿದ ನೀರು ಸೇರಿಸಿ, ಚೆನ್ನಾಗಿ ಕಲಕಿ, ಅರ್ಧ ಗಂಟೆ ತಿಳಿಯಾಗಲು ಬಿಡಿ. ಮೇಲಿನ ತಿಳಿನೀರಿನಲ್ಲಿ ಪರೀಕ್ಷಾ ಕಾಗದವನ್ನು ಅದ್ದಿ ಬಣ್ಣವನ್ನು ಹೋಲಿಸಿ ನೋಡಿ. ನಲ್ಲಿಯ ನೀರಿನಲ್ಲಿ ಈ ಪರೀಕ್ಷೆ ಮಾಡಿದರೆ ಮಣ್ಣಿನ ಜೊತೆಗೆ ನೀರಿನ ಗುಣವೂ ಸೇರಿ ಫಲಿತಾಂಶ ಕೆಡುತ್ತದೆ. ಇನ್ನೂ ನಿಖರವಾಗಿ ತಿಳಿಯಬೇಕೆಂದರೆ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆಯ ಬಗ್ಗೆ ವಿಚಾರಿಸಬಹುದು.

ಇದರ ಜೊತೆಗೆ ಇನ್ನೊಂದು ಸಣ್ಣ ಪರೀಕ್ಷೆಯನ್ನು ಮಾಡಲೇಬೇಕು, ಏಕೆಂದರೆ ಮುಂದಿನ ತೀರ್ಮಾನವೆಲ್ಲ ಇದರ ಮೇಲೆ ನಿಂತಿದೆ. ಒಂದು ಹಿಡಿ ಒಣ ಮಣ್ಣಿನ ಮೇಲೆ ನೀರು ಬೆರೆಸದ ವಿನೆಗರ್ ಸುರಿಯಿರಿ. ಮಣ್ಣು ನೊರೆಯುಕ್ಕಿ ಗುಳ್ಳೆಗಳನ್ನು ಬಿಟ್ಟರೆ ಅದರಲ್ಲಿ ಸುಣ್ಣದ ಅಂಶ ಬಿಡಿಯಾಗಿ ಇದೆ ಎಂದರ್ಥ. ಉತ್ತರ ಕರ್ನಾಟಕದ ಎರೆಮಣ್ಣಿನಲ್ಲಿ ಇದು ಸಹಜವಾಗಿಯೇ ಕಾಣುತ್ತದೆ. ಬೆಂಗಳೂರು, ತುಮಕೂರು, ಕೋಲಾರದ ಕಡೆಯ ಕೆಮ್ಮಣ್ಣಿನಲ್ಲಿ ಹುಟ್ಟಿನಿಂದ ಇಷ್ಟು ಸುಣ್ಣ ಇರುವುದಿಲ್ಲ. ಅಲ್ಲಿ ಗುಳ್ಳೆ ಬಂದರೆ ಮನೆ ಕಟ್ಟಿದಾಗ ಉಳಿದ ಸಿಮೆಂಟು, ಗಾರೆಯ ಚೂರು, ಬಿಳಿ ಸುಣ್ಣ ಮಣ್ಣಿನಲ್ಲಿ ಸೇರಿಕೊಂಡಿರುವ ಸಾಧ್ಯತೆಯೇ ಹೆಚ್ಚು.

ಹಂತ 2: ಜಾಗವನ್ನು ಆರಿಸುವುದು

ದಿನಕ್ಕೆ ಕನಿಷ್ಠ ನಾಲ್ಕರಿಂದ ಆರು ಗಂಟೆ ನೇರ ಬಿಸಿಲು ಬೀಳುವ ಜಾಗ ಬೇಕು. ನೆರಳಿನಲ್ಲಿಯೂ ಗಿಡ ಬದುಕುತ್ತದೆ, ಎಲೆ ಹಸಿರಾಗಿಯೇ ಇರುತ್ತದೆ, ಆದರೆ ಕಡ್ಡಿಗಳು ಉದ್ದಕ್ಕೆ ಎಳೆದುಕೊಂಡು ಹೂವು ವಿರಳವಾಗುತ್ತದೆ.

ಕಾಂಪೌಂಡ್ ಗೋಡೆಗೆ ಒತ್ತಿದಂತೆ ಸಾಲಾಗಿ ನೆಡುವ ರೂಢಿಯೇ ಅತಿ ದೊಡ್ಡ ತಪ್ಪು. ಪ್ರತಿ ಮಳೆಯಲ್ಲಿಯೂ ಗೋಡೆಯ ಗಾರೆಯಿಂದ ಸುಣ್ಣ ಕರಗಿ ಬುಡದ ಮಣ್ಣಿಗೆ ಇಳಿಯುತ್ತಿರುತ್ತದೆ. ಬಿಸಿಲು ಕಾಯ್ದ ಗೋಡೆಯ ಶಾಖ ಬೇರೆ. ಗೋಡೆ, ಕಾಲುದಾರಿ, ಕಾಂಕ್ರೀಟು ಯಾವುದೇ ಇರಲಿ, ಅದರಿಂದ ಕನಿಷ್ಠ ಎರಡು ಅಡಿ, ಸಾಧ್ಯವಾದರೆ ಮೂರು ಅಡಿ ದೂರ ಬಿಡಿ. ಅಷ್ಟು ಜಾಗವಿಲ್ಲದ ಮನೆಯವರು ಕುಂಡದಲ್ಲಿ ಬೆಳೆಸುವುದೇ ಮೇಲು.

ಹಂತ 3: ಮಣ್ಣನ್ನು ಸಿದ್ಧಗೊಳಿಸುವುದು

ಗಿಡ ತರುವುದಕ್ಕೆ ಎರಡು ತಿಂಗಳು ಮೊದಲೇ ಈ ಕೆಲಸ ಶುರುವಾಗಬೇಕು. ಮಣ್ಣಿನ ಗುಣ ಒಂದು ವಾರದಲ್ಲಿ ಬದಲಾಗುವುದಿಲ್ಲ.

ರಸಸಾರ 6.5ರ ಒಳಗಿದ್ದು ಗುಳ್ಳೆಯೂ ಬಾರದಿದ್ದರೆ ನೀವು ಅದೃಷ್ಟವಂತರು. ಕರಾವಳಿಯ ಮುರಕಲ್ಲು ಮಣ್ಣಿನಲ್ಲಿಯೂ ಮಲೆನಾಡಿನ ಬಹುಭಾಗದಲ್ಲಿಯೂ ಸಾಮಾನ್ಯವಾಗಿ ಹೀಗೇ ಇರುತ್ತದೆ. ಚೆನ್ನಾಗಿ ಕಳಿತ ಎಲೆಗೊಬ್ಬರವನ್ನು ಸೇರಿಸಿದರೆ ಸಾಕು.

ರಸಸಾರ 6.5ರಿಂದ 7.5ರ ನಡುವೆ ಇದ್ದು ಗುಳ್ಳೆ ಬಾರದಿದ್ದರೆ ಗಂಧಕದಿಂದ ಅದನ್ನು ಇಳಿಸಬಹುದು. ಗೊಬ್ಬರದ ಅಂಗಡಿಗಳಲ್ಲಿ ಕಾಳಿನ ರೂಪದಲ್ಲಿ ಸಿಗುವ ಬೆಂಟೋನೈಟ್ ಗಂಧಕ ಇದಕ್ಕೆ ಒಳ್ಳೆಯದು. ಒಂದು ಚದರ ಮೀಟರ್ ಪಾತಿಗೆ ಸುಮಾರು 50 ಗ್ರಾಂ ಹರಡಿ, ಮೇಲಿನ ಅರ್ಧ ಅಡಿ ಮಣ್ಣಿನಲ್ಲಿ ಬೆರೆಸಿ, ಮಣ್ಣನ್ನು ತೇವವಾಗಿ ಇಟ್ಟುಕೊಳ್ಳಬೇಕು. ಮಣ್ಣಿನ ಬ್ಯಾಕ್ಟೀರಿಯಾಗಳು ಗಂಧಕವನ್ನು ನಿಧಾನವಾಗಿ ಆಮ್ಲವಾಗಿ ಮಾರ್ಪಡಿಸುತ್ತವೆ; ಅವುಗಳಿಗೆ ತೇವವೂ ಬೆಚ್ಚಗಿನ ಹವೆಯೂ ಆರರಿಂದ ಎಂಟು ವಾರಗಳ ಅವಧಿಯೂ ಬೇಕು. ನಂತರ ಮತ್ತೆ ಪರೀಕ್ಷಿಸಿ, ಇಳಿದಿದ್ದು ಸಾಲದಿದ್ದರೆ ಮಾತ್ರ ಇನ್ನೊಮ್ಮೆ ಅಷ್ಟೇ ಹಾಕಿ. ಬೇಗ ಆಗಲಿ ಎಂದು ಒಂದೇ ಸಲಕ್ಕೆ ಎರಡು ಮೂರು ಪಟ್ಟು ಸುರಿದರೆ ಬೇರು ಸುಡುತ್ತದೆ. ಗಿಡದ ಗುಂಡಿಗಷ್ಟೇ ಗಂಧಕ ಹಾಕುವವರಿದ್ದಾರೆ; ಬೇರು ಗುಂಡಿಯನ್ನು ದಾಟಿದ ದಿನ ಹಳೆಯ ತೊಂದರೆ ಮರಳುವುದರಿಂದ ಇಡೀ ಪಾತಿಯನ್ನೇ ತಿದ್ದುವುದು ವಿವೇಕ.

ವಿನೆಗರಿಗೆ ಗುಳ್ಳೆ ಬರುವ ಮಣ್ಣಿನಲ್ಲಿ ಗಂಧಕಕ್ಕೆ ದುಡ್ಡು ಹಾಕಬೇಡಿ. ಹುಟ್ಟಿದ ಆಮ್ಲವನ್ನೆಲ್ಲ ಅಲ್ಲಿನ ಸುಣ್ಣವೇ ನುಂಗಿಬಿಡುತ್ತದೆ. ಗಾರೆಯ ಚೂರುಗಳಿಂದ ಕೆಟ್ಟ ಮಣ್ಣಾದರೆ ಒಂದೂವರೆ ಅಡಿ ಆಳ ತೆಗೆದು ಬೇರೆ ಮಣ್ಣು ತುಂಬಬಹುದು. ಎರೆಮಣ್ಣಿನ ಊರುಗಳಾದ ಧಾರವಾಡ, ಗದಗ, ವಿಜಯಪುರ, ಕಲಬುರಗಿಯ ಕಡೆ ಅದೂ ಹೆಚ್ಚು ದಿನ ಬಾಳುವುದಿಲ್ಲ. ಅಲ್ಲಿ ನೆಲದ ಮೇಲೆ ಒಂದೂವರೆ ಅಡಿ ಎತ್ತರಿಸಿದ ಪಾತಿ ಅಥವಾ ದೊಡ್ಡ ಕುಂಡವೇ ದಾರಿ. ಎತ್ತರದ ಪಾತಿಗೆ ಸಿಮೆಂಟಿನ ಕಟ್ಟೆ ಕಟ್ಟಿದರೆ ಮಾಡಿದ್ದೆಲ್ಲ ವ್ಯರ್ಥವಾಗುತ್ತದೆ, ಆದ್ದರಿಂದ ಮರದ ಹಲಗೆಯನ್ನೋ ಗಾರೆಯಿಲ್ಲದೆ ಜೋಡಿಸಿದ ಕಾಡುಗಲ್ಲನ್ನೋ ಬಳಸಿ.

ತುಂಬುವ ಮಿಶ್ರಣಕ್ಕೆ ಎರಡು ಪಾಲು ಗುಳ್ಳೆ ಬಾರದ ಕೆಮ್ಮಣ್ಣು, ಒಂದು ಪಾಲು ತೊಳೆದ ತೆಂಗಿನ ನಾರಿನ ಹುಡಿ, ಒಂದು ಪಾಲು ಕಳಿತ ಎಲೆಗೊಬ್ಬರ ಸಾಕು. ನಾರಿನ ಹುಡಿಯಲ್ಲಿ ಉಪ್ಪಿನ ಅಂಶ ಉಳಿದಿರಬಹುದಾದ್ದರಿಂದ ಎರಡು ಮೂರು ಸಲ ಒಳ್ಳೆಯ ನೀರಿನಲ್ಲಿ ನೆನೆಸಿ ಹಿಂಡಬೇಕು. ಮಣ್ಣು ಅಂಟಾಗಿದ್ದರೆ ಸ್ವಲ್ಪ ದಪ್ಪ ಮರಳು ಸೇರಿಸಿ. ಕಡಲ ದಂಡೆಯ ಮರಳಿನಲ್ಲಿ ಚಿಪ್ಪಿನ ಚೂರುಗಳು, ಎಂದರೆ ಸುಣ್ಣವೇ ಇರುವುದರಿಂದ ಅದನ್ನು ಮುಟ್ಟಬೇಡಿ.

ಹಂತ 4: ನೀರಿನ ಏರ್ಪಾಡು

ಮಣ್ಣನ್ನು ಅಷ್ಟು ಶ್ರಮದಿಂದ ಸರಿಪಡಿಸಿದವರೂ ಸೋಲುವುದು ಇಲ್ಲಿಯೇ. ಗಡಸು ನೀರಿನಲ್ಲಿರುವ ಬೈಕಾರ್ಬೊನೇಟ್ ಪ್ರತಿ ಸಲ ನೀರು ಹಾಕಿದಾಗಲೂ ಮಣ್ಣಿಗೆ ಸೇರಿ, ತಿಂಗಳುಗಳ ಅವಧಿಯಲ್ಲಿ ರಸಸಾರವನ್ನು ಮತ್ತೆ ಮೇಲಕ್ಕೆ ಎಳೆಯುತ್ತದೆ. ಬಕೆಟ್ಟಿನ ಒಳಬದಿಯಲ್ಲಿ, ನಲ್ಲಿಯ ಬಾಯಲ್ಲಿ, ಕುಂಡದ ಅಂಚಿನಲ್ಲಿ ಬಿಳಿ ಹೊರಪೊರೆ ಕಟ್ಟುತ್ತಿದ್ದರೆ ನಿಮ್ಮ ಕೊಳವೆಬಾವಿಯ ನೀರು ಕೇಪಳಕ್ಕೆ ತಕ್ಕುದಲ್ಲ.

ಮಳೆನೀರು ಎಲ್ಲಕ್ಕಿಂತ ಶ್ರೇಷ್ಠ. ಚಾವಣಿಯಿಂದ ಒಂದು ಡ್ರಮ್ಮಿಗೆ ಹಿಡಿದಿಟ್ಟುಕೊಂಡ ಮಳೆನೀರನ್ನು ಬೇರೆ ಗಿಡಗಳಿಗೆ ಖರ್ಚು ಮಾಡದೆ ಕೇಪಳಕ್ಕೆಂದೇ ಮೀಸಲಿಡಿ. ಬೆಂಗಳೂರಿನವರಿಗೆ ಕೊಳವೆಬಾವಿಯ ನೀರಿಗಿಂತ ಕಾವೇರಿ ನೀರು ಸಾಮಾನ್ಯವಾಗಿ ಮೇಲು. ಇವೆರಡೂ ಇಲ್ಲದಿದ್ದರೆ ಬಕೆಟ್ಟು ನೀರಿಗೆ ಸಿಟ್ರಿಕ್ ಆಮ್ಲವನ್ನು ಚಿಟಿಕೆ ಚಿಟಿಕೆಯಾಗಿ ಹಾಕಿ ಕಲಕುತ್ತ, ಪರೀಕ್ಷಾ ಕಾಗದದಲ್ಲಿ 6ರ ಆಸುಪಾಸು ಬರುವವರೆಗೆ ನೋಡಿ, ಆ ಪ್ರಮಾಣವನ್ನು ಬರೆದಿಟ್ಟುಕೊಳ್ಳಿ. ಊರಿಂದೂರಿಗೆ, ಬಾವಿಯಿಂದ ಬಾವಿಗೆ ನೀರಿನ ಗಡಸುತನ ಬೇರೆಯಾದ್ದರಿಂದ ಇನ್ನೊಬ್ಬರ ಅಳತೆ ನಿಮಗೆ ಹೊಂದುವುದಿಲ್ಲ.

ಕುಡಿಯುವ ನೀರಿನ ಆರ್‌ಒ ಯಂತ್ರದಿಂದ ಹೊರಹೋಗುವ ನೀರನ್ನು ಗಿಡಗಳಿಗೆ ಹಾಕುವ ಮನೆಗಳು ಈಗ ಬಹಳ. ನೀರುಳಿಸುವ ಉದ್ದೇಶ ಒಳ್ಳೆಯದೇ, ಆದರೆ ಯಂತ್ರ ಬೇರ್ಪಡಿಸಿದ ಲವಣಗಳೆಲ್ಲ ಆ ನೀರಿನಲ್ಲಿಯೇ ದಟ್ಟವಾಗಿರುತ್ತವೆ. ಕೇಪಳಕ್ಕೆ ಅದು ಖಂಡಿತ ಬೇಡ, ನೆಲ ಒರೆಸಲು ಬಳಸಿ. ನೀರನ್ನು ಮೆದುವಾಗಿಸುವ ಸಾಫ್ಟ್‌ನರ್ ಯಂತ್ರದ ನೀರಿನಲ್ಲಿ ಸುಣ್ಣದ ಬದಲು ಸೋಡಿಯಂ ಇರುತ್ತದೆ, ಬೈಕಾರ್ಬೊನೇಟ್ ಹಾಗೆಯೇ ಉಳಿದಿರುತ್ತದೆ, ಅದೂ ಕೂಡದು.

ಹಂತ 5: ಸಸಿಯನ್ನು ಆರಿಸುವುದು

ಮೊಣಕಾಲೆತ್ತರದ ಬೇಲಿಯೋ ಪಾತಿಯ ಅಂಚೋ ಬೇಕಾದರೆ ನರ್ಸರಿಯವರು ಮಿನಿ ಇಕ್ಸೋರಾ ಎನ್ನುವ, ಸಣ್ಣ ಎಲೆಯ ಗಿಡ್ಡ ತಳಿಯನ್ನೇ ಕೇಳಿ ಪಡೆಯಿರಿ. ದೊಡ್ಡ ಎಲೆಯ ಊರ ಕೇಪಳ ಆಳೆತ್ತರಕ್ಕೂ ಬೆಳೆಯಬಲ್ಲದು. ಅದನ್ನು ಸದಾ ಕತ್ತರಿಸುತ್ತ ಗಿಡ್ಡವಾಗಿ ಇಡಲು ಹೋದರೆ ಹೂವು ಕಾಣಲು ಸಿಗುವುದಿಲ್ಲ.

ಹೂವು ತುಂಬಿದ ಗಿಡಕ್ಕಿಂತ ಬುಡದಿಂದ ಮೂರು ನಾಲ್ಕು ಕವಲು ಒಡೆದ ಗಿಡ ಉತ್ತಮ. ಚೀಲದ ತಳದ ತೂತಿನಿಂದ ದಪ್ಪ ಬೇರು ಹೊರಬಂದಿದ್ದರೆ, ಎಲೆಯಡಿಯಲ್ಲಿ ಬಿಳಿ ಹತ್ತಿಯಂಥದ್ದೋ ಕಂದು ಬೊಟ್ಟುಗಳೋ ಅಂಟಿಕೊಂಡಿದ್ದರೆ ಬಿಟ್ಟುಬಿಡಿ. ತುದಿಯ ಎಳೆಯ ಎಲೆಗಳು ತಾಮ್ರದ ಬಣ್ಣಕ್ಕಿದ್ದರೆ ಗಾಬರಿ ಬೇಡ, ಹೊಸ ಚಿಗುರಿನ ಬಣ್ಣವೇ ಅದು.

ಹಂತ 6: ನೆಡುವುದು

ಬಯಲುಸೀಮೆಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗಿನ ಕಾಲ ಸೂಕ್ತ. ಕರಾವಳಿಯಲ್ಲಿ ಜಡಿಮಳೆ ತಗ್ಗಿದ ಸೆಪ್ಟೆಂಬರ್ ವಾಸಿ. ಜೂನ್‌ನಲ್ಲಿಯೇ ನೆಡುವುದಾದರೆ ನೀರು ನಿಲ್ಲದಂತೆ ದಿಬ್ಬ ಮಾಡಿ ನೆಡಬೇಕು. ಡಿಸೆಂಬರ್ ಮತ್ತು ಜನವರಿಯ ಚಳಿಯಲ್ಲಿ ಬೇರು ನಿಧಾನವಾಗುವುದರಿಂದ ಆಗ ನೆಡಬೇಡಿ.

ಗಿಡ್ಡ ತಳಿಗೆ ಒಂದೂವರೆ ಅಡಿ, ದೊಡ್ಡ ತಳಿಗೆ ಮೂರು ಅಡಿ ಅಂತರವಿರಲಿ. ಪ್ಲಾಸ್ಟಿಕ್ ಚೀಲವನ್ನು ಬದಿಯಿಂದ ಸೀಳಿ ಪೂರ್ತಿ ತೆಗೆಯಿರಿ. ಚೀಲದೊಂದಿಗೇ ಹೂಳಿದ ಗಿಡಗಳು ಎರಡನೆಯ ವರ್ಷದಲ್ಲಿ ಸಾಯುತ್ತವೆ. ತಳದಲ್ಲಿ ಸುತ್ತಿಕೊಂಡ ಬೇರುಗಳನ್ನು ಬೆರಳಿನಿಂದ ಬಿಡಿಸಿ, ಚೀಲದಲ್ಲಿ ಮಣ್ಣು ಯಾವ ಮಟ್ಟಕ್ಕಿತ್ತೋ ನೆಲದಲ್ಲಿಯೂ ಅದೇ ಮಟ್ಟಕ್ಕೆ ಕೂರಿಸಿ. ಮಣ್ಣು ತುಂಬಿ, ಅಂಗೈಯಿಂದ ಒತ್ತಿ, ಕೂಡಲೇ ನೀರು ಹಾಕಿ. ಗುಂಡಿಗೆ ಮೂಳೆಹಿಟ್ಟು ಹಾಕುವುದು ಹಲವರ ಪದ್ಧತಿ; ಅದರಲ್ಲಿ ಸುಣ್ಣವೂ ರಂಜಕವೂ ಇರುವುದರಿಂದ ಕೇಪಳದ ಮಟ್ಟಿಗೆ ಅದು ಹಾನಿಕರ.

ಬುಡದಿಂದ ನಾಲ್ಕು ಬೆರಳು ಬಿಟ್ಟು ಸುತ್ತಲೂ ತರಗೆಲೆ, ಅಡಿಕೆ ಸೋಗೆಯ ಚೂರು ಅಥವಾ ತೆಂಗಿನ ನಾರಿನ ಹೊದಿಕೆ ಹಾಕಿ. ಮೊದಲ ಮೂರು ತಿಂಗಳು ಮಣ್ಣಿನಲ್ಲಿ ಎರಡು ಇಂಚು ಬೆರಳು ಇಳಿಸಿ ನೋಡಿ, ಒಣಗುತ್ತಿದೆ ಎನಿಸಿದಾಗಲೆಲ್ಲ ನೀರು ಕೊಡಿ. ದಿನವೂ ನಿಯಮದಂತೆ ನೀರು ಸುರಿದರೆ ಬೇರು ಉಸಿರುಗಟ್ಟಿ, ಗಿಡ ಕಬ್ಬಿಣದ ಕೊರತೆಯನ್ನೇ ಹೋಲುವಂತೆ ಹಳದಿಯಾಗುತ್ತದೆ.

ಹಂತ 7: ಎಲೆಯನ್ನು ಓದಿ, ಆಮೇಲೆ ಔಷಧ ಕೊಡುವುದು

ಹಳದಿಯೆಲ್ಲ ಒಂದೇ ಬಗೆಯದಲ್ಲ. ಯಾವ ಎಲೆ ಹಳದಿಯಾಗಿದೆ ಎಂಬುದೇ ಮುಖ್ಯ ಸುಳಿವು.

ತುದಿಯ ಹೊಸ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದು ಬಲೆಯಂತೆ ಕಂಡರೆ, ಕೆಳಗಿನ ಹಳೆಯ ಎಲೆಗಳು ಹಸಿರಾಗಿಯೇ ಇದ್ದರೆ, ಅದು ಕಬ್ಬಿಣದ ಕೊರತೆ. ಉಲ್ಬಣಿಸಿದಾಗ ಚಿಗುರು ಬಹುತೇಕ ಬಿಳಿಯಾಗಿ ಅಂಚು ಸುಡುತ್ತದೆ. ಹಳೆಯ ಎಲೆಗಳ ಮೇಲೆ ನೇರಳೆ ಮಿಶ್ರಿತ ಕಂದು ಚುಕ್ಕೆಗಳು ಮೂಡಿದರೆ ಪೊಟ್ಯಾಷ್ ಸಾಲದಾಗಿದೆ. ಹಳೆಯ ಎಲೆಗಳ ಅಂಚು ಮಾತ್ರ ಹಳದಿಯಾದರೆ ಮೆಗ್ನೀಷಿಯಂ. ಹಳೆಯದು ಹೊಸದು ಎನ್ನದೆ ಇಡೀ ಗಿಡ ಮಂಕಾಗಿ ಎಲೆ ಉದುರಿಸುತ್ತಿದ್ದರೆ ನೀರು ನಿಂತಿದೆಯೇ ಎಂದು ಬುಡವನ್ನು ಅಗೆದು ನೋಡಬೇಕು. ಕೊಳೆತ ಬೇರು ಕಪ್ಪಗೆ ಮೆತ್ತಗಿರುತ್ತದೆ.

ಕಬ್ಬಿಣದ ಕೊರತೆ ಖಚಿತವಾದರೆ ತಕ್ಷಣದ ಉಪಶಮನಕ್ಕೆ ಎಲೆಗೆ ಸಿಂಪಡಿಸುವುದು ಒಂದು ಮಾರ್ಗ. ಒಂದು ಲೀಟರ್ ಮಳೆನೀರಿಗೆ ಮೊದಲು 1 ಗ್ರಾಂ ಸಿಟ್ರಿಕ್ ಆಮ್ಲ, ಅನಂತರ 3ರಿಂದ 5 ಗ್ರಾಂ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಕರಗಿಸಿ, ಒಂದು ಕೊಂಬೆಗೆ ಸಿಂಪಡಿಸಿ ಎರಡು ದಿನ ಕಾದು, ಎಲೆ ಸುಡದಿದ್ದರೆ ಮಾತ್ರ ಸಂಜೆಯ ಹೊತ್ತು ಇಡೀ ಗಿಡಕ್ಕೆ ಸಿಂಪಡಿಸಿ. ಹಸಿರು ಹರಳಿನ ಅನ್ನಭೇದಿಯನ್ನೇ ಕೊಳ್ಳಿ. ತುಕ್ಕಿನ ಬಣ್ಣಕ್ಕೆ ತಿರುಗಿದ್ದು ಸತ್ವ ಕಳೆದುಕೊಂಡಿರುತ್ತದೆ. ಕಲಸಿದ ದ್ರಾವಣವನ್ನು ನಾಳೆಗೆಂದು ಇಡಬಾರದು. ನೆಲದ ಟೈಲ್ಸ್ ಮೇಲೆ ಬಿದ್ದರೆ ಕಲೆ ಹೋಗುವುದಿಲ್ಲ. ಮಕ್ಕಳು ನುಂಗಿದರೆ ಪ್ರಾಣಾಪಾಯವಿರುವುದರಿಂದ ಪೊಟ್ಟಣವನ್ನು ಅವರ ಕೈಗೆ ಸಿಗದಲ್ಲಿ ಇಡಿ.

ಮಣ್ಣಿಗೆ ಕೊಡುವುದಾದರೆ ಅನ್ನಭೇದಿಯಿಂದ ಪ್ರಯೋಜನವಿಲ್ಲ, ಕ್ಷಾರ ಮಣ್ಣಿನಲ್ಲಿ ಅದು ಬೇಗನೆ ಬೇರಿಗೆ ಸಿಗದ ರೂಪಕ್ಕೆ ತಿರುಗುತ್ತದೆ. ಚೀಲೇಟೆಡ್ ಕಬ್ಬಿಣ, ಅಂದರೆ ಮಣ್ಣಿನಲ್ಲಿ ಬೇಗ ಕೆಡದಂತೆ ಬೇರೊಂದು ರಾಸಾಯನಿಕದೊಂದಿಗೆ ಬಂಧಿಸಿದ ಕಬ್ಬಿಣ, ಬೇಕು, ಅದರಲ್ಲಿಯೂ ಮುಖ್ಯವಾಗಿ ಎರಡು ಬಗೆಗಳನ್ನು ತಿಳಿದಿರಬೇಕು. ಇಡಿಟಿಎ ಬಗೆಯದು ರಸಸಾರ 6.5ರವರೆಗೆ ಮಾತ್ರ ಸ್ಥಿರವಾಗಿರುತ್ತದೆ. ಕ್ಷಾರ ಮಣ್ಣಿನಲ್ಲಿಯೂ ನಿಲ್ಲುವುದು ಇಡಿಡಿಎಚ್‌ಎ ಬಗೆಯದು. ಎರಡನೆಯದರ ಬೆಲೆ ಹೆಚ್ಚು, ಆದರೂ 7 ದಾಟಿದ ಮಣ್ಣಿನಲ್ಲಿ ಈ ಎರಡರಲ್ಲಿ ಅದೇ ಕೆಲಸಕ್ಕೆ ಬರುತ್ತದೆ. ಪೊಟ್ಟಣದ ಮೇಲಿನ ಪ್ರಮಾಣವನ್ನು ಮೀರದೆ ನೀರಿನಲ್ಲಿ ಕರಗಿಸಿ, ಬಿಸಿಲಿಗೆ ಅದು ಒಡೆಯುವುದರಿಂದ ಸಂಜೆ ಬುಡದ ಸುತ್ತ ಹಾಕಿ, ಮೇಲೆ ಹೊದಿಕೆ ಮುಚ್ಚಿ. ಎರಡರಿಂದ ನಾಲ್ಕು ವಾರಗಳಲ್ಲಿ ಹುಟ್ಟುವ ಹೊಸ ಚಿಗುರು ಹಸಿರಾಗಿದ್ದರೆ ಚಿಕಿತ್ಸೆ ಫಲಿಸಿದೆ. ಆಗಲೇ ಹಳದಿಯಾದ ಎಲೆಗಳು ಪೂರ್ತಿ ಚೇತರಿಸಿಕೊಳ್ಳದೆ ಇರಬಹುದು, ಅವನ್ನು ನೋಡಿ ಔಷಧವನ್ನು ದುಪ್ಪಟ್ಟು ಮಾಡಬೇಡಿ.

ಮನೆಮದ್ದುಗಳ ಬಗ್ಗೆ ಸ್ಪಷ್ಟವಾಗಿ ಹೇಳಬೇಕಾದ ಕಾಲ ಬಂದಿದೆ. ಒಲೆಯ ಬೂದಿ ಮತ್ತು ಮೊಟ್ಟೆಯ ಚಿಪ್ಪಿನ ಪುಡಿ ಎರಡೂ ಮಣ್ಣನ್ನು ಇನ್ನಷ್ಟು ಕ್ಷಾರವಾಗಿಸುತ್ತವೆ. ತುಕ್ಕು ಹಿಡಿದ ಮೊಳೆಯ ಕಬ್ಬಿಣ ಬೇರಿಗೆ ದಕ್ಕುವ ರೂಪದಲ್ಲಿ ಇರುವುದಿಲ್ಲ. ಎಪ್ಸಮ್ ಉಪ್ಪು ಮೆಗ್ನೀಷಿಯಂ ಕೊಡುತ್ತದೆಯೇ ಹೊರತು ಕಬ್ಬಿಣವನ್ನಲ್ಲ. ಸೋಸಿ ಉಳಿದ ಕಾಫಿ ಪುಡಿಯ ಹುಳಿಯೆಲ್ಲ ಬಹುಪಾಲು ಡಿಕಾಕ್ಷನ್ನಿಗೇ ಇಳಿದಿರುತ್ತದೆ. ಗೊಬ್ಬರದ ಗುಂಡಿಗೆ ಹಾಕಲು ಅದು ಒಳ್ಳೆಯದು, ಮಣ್ಣನ್ನು ಆಮ್ಲೀಯಗೊಳಿಸುವ ಶಕ್ತಿ ಅದಕ್ಕಿಲ್ಲ.

ಹಂತ 8: ಗೊಬ್ಬರ

ಗಿಡ ಹಸಿರಾಗಿ ಚಿಗುರಲು ಆರಂಭಿಸಿದ ಮೇಲೆಯೇ ಗೊಬ್ಬರ. ಮಳೆಗಾಲದ ಮೊದಲು ಮತ್ತು ಕೊನೆಗೆ ಒಂದೊಂದು ಹಿಡಿ ಬೇವಿನ ಹಿಂಡಿ, ಎರಡು ಹಿಡಿ ಎಲೆಗೊಬ್ಬರ ಸಾಕಾಗುತ್ತದೆ. ಸಾರಜನಕ ಬೇಕೆನಿಸಿದರೆ ಮಣ್ಣನ್ನು ಆಮ್ಲೀಯವಾಗಿಸುವ ಗುಣವೂ ಇರುವ ಅಮೋನಿಯಂ ಸಲ್ಫೇಟನ್ನು ಗಿಡಕ್ಕೆ 10 ಗ್ರಾಂ ಮೀರದಂತೆ, ಒದ್ದೆ ಮಣ್ಣಿಗೆ, ಬುಡದಿಂದ ದೂರಕ್ಕೆ ಹಾಕಬಹುದು. ರಂಜಕ ಹೆಚ್ಚಿರುವ ಡಿಎಪಿ ಗೊಬ್ಬರ ಬೇಡ, ಅತಿಯಾದ ರಂಜಕವೂ ಕಬ್ಬಿಣವನ್ನು ತಡೆಯುತ್ತದೆ.

ಹಂತ 9: ಸವರುವುದು

ಕೇಪಳದ ಗೊಂಚಲು ಹುಟ್ಟುವುದು ಹೊಸ ಕುಡಿಯ ತುದಿಯಲ್ಲಿ. ತಿಂಗಳಿಗೊಮ್ಮೆ ಬೇಲಿ ಕತ್ತರಿಯಿಂದ ಮೇಲ್ಭಾಗವನ್ನು ಸಮತಟ್ಟು ಮಾಡುವ ತೋಟಗಳಲ್ಲಿ ಹೂವೇ ಇಲ್ಲದಿರುವುದಕ್ಕೆ ಕಾರಣ ಇಷ್ಟೇ, ಮೊಗ್ಗು ಕಣ್ಣಿಗೆ ಕಾಣುವ ಮೊದಲೇ ಅದು ಕಸದ ಬುಟ್ಟಿ ಸೇರಿರುತ್ತದೆ.

ಗೊಂಚಲು ಬಾಡಿದ ಮೇಲೆ ಅದರ ಕೆಳಗಿನ ಎರಡು ಜೊತೆ ಎಲೆಗಳನ್ನೂ ಸೇರಿಸಿ, ಮುಂದಿನ ಎಲೆಜೋಡಿಯ ತುಸು ಮೇಲೆ ಕತ್ತರಿಸಿ. ಎಲೆಗಳು ಎದುರುಬದುರಾಗಿ ಇರುವುದರಿಂದ ಸಾಮಾನ್ಯವಾಗಿ ಎರಡು ಕವಲು ಒಡೆಯುತ್ತವೆ, ಒಂದು ಗೊಂಚಲಿದ್ದಲ್ಲಿ ಮುಂದೆ ಎರಡು ಬರುತ್ತವೆ. ಬೇಲಿಯಾಗಿ ಬೆಳೆಸುವುದಾದರೆ ಬುಡ ಅಗಲ, ತಲೆ ಕಿರಿದು ಆಗಿರಲಿ. ತಲೆ ಅಗಲವಾದರೆ ಬಿಸಿಲು ಕಾಣದ ಬುಡ ಬೋಳಾಗುತ್ತದೆ. ಹಳೆಯ, ಬೋಳಾದ ಗಿಡವನ್ನು ಮರಳಿ ಚಿಗುರಿಸಲು ಮುಂಗಾರಿನ ಆರಂಭದಲ್ಲಿ ಮೂರರಲ್ಲಿ ಒಂದು ಪಾಲು ಕಡ್ಡಿಗಳನ್ನು ಮಾತ್ರ ಒಂದು ಅಡಿ ಎತ್ತರಕ್ಕೆ ಕತ್ತರಿಸಿ, ಉಳಿದವನ್ನು ಮುಂದಿನ ವರ್ಷಗಳಿಗೆ ಬಿಡಿ. ಹಳದಿಯಾಗಿರುವ ಗಿಡವನ್ನು ಎಂದಿಗೂ ಆಳವಾಗಿ ಸವರಬಾರದು, ಮರಳಿ ಚಿಗುರುವ ತ್ರಾಣ ಅದಕ್ಕಿರುವುದಿಲ್ಲ.

ಹಂತ 10: ಕೀಟಗಳ ಮೇಲೆ ಕಣ್ಣಿಡುವುದು

ಎಲೆಗಳ ಮೇಲೆ ಮಸಿಯಂಥ ಕಪ್ಪು ಬೂಷ್ಟು ಕಂಡರೆ, ಇರುವೆಗಳು ಸಾಲುಗಟ್ಟಿ ಮೇಲೇರುತ್ತಿದ್ದರೆ, ಎಲೆಯಡಿಯನ್ನು ತಿರುಗಿಸಿ ನೋಡಿ. ಹಿಟ್ಟು ತಿಗಣೆ, ಶಲ್ಕ ಕೀಟ ಅಥವಾ ಸಸ್ಯಹೇನು ಅಲ್ಲಿರುತ್ತವೆ. ಅವು ಸುರಿಸುವ ಸಿಹಿ ಅಂಟಿನ ಮೇಲೆ ಬೂಷ್ಟು ಬೆಳೆಯುತ್ತದೆ. ಕಡಿಮೆ ಇದ್ದರೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಹೆಚ್ಚಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆಯನ್ನೂ ಅದು ಬೆರೆಯುವಷ್ಟು ದ್ರವ ಸಾಬೂನನ್ನೂ ಸೇರಿಸಿ, ಸಂಜೆ ಎಲೆಯಡಿ ತೊಯ್ಯುವಂತೆ ಸಿಂಪಡಿಸಿ, ವಾರದ ನಂತರ ಮತ್ತೊಮ್ಮೆ ಸಿಂಪಡಿಸಿ. ಕರಾವಳಿಯ ಮನೆಗಳಲ್ಲಿ ಮಕ್ಕಳು ಕೇಪಳದ ಹಣ್ಣು ಕಿತ್ತು ತಿನ್ನುವುದುಂಟು. ಅನ್ನಭೇದಿಯಾಗಲಿ ಕೀಟನಾಶಕವಾಗಲಿ ಸಿಂಪಡಿಸುವ ಮೊದಲು ಗಿಡದಲ್ಲಿರುವ ಹಣ್ಣುಗಳನ್ನೆಲ್ಲ ಕಿತ್ತು ಬಿಡಿ, ಪೂಜೆಗೆ ಬೇಕಾದ ಹೂವನ್ನೂ ಮೊದಲೇ ಕೊಯ್ದುಕೊಳ್ಳಿ.

ಹಂತ 11: ಒಂದರಿಂದ ಹಲವು ಗಿಡ ಮಾಡಿಕೊಳ್ಳುವುದು

ನಿಮ್ಮ ಮಣ್ಣಿನಲ್ಲಿ, ನಿಮ್ಮ ನೀರಿನಲ್ಲಿ ಎರಡು ವರ್ಷ ಹಸಿರಾಗಿ ನಿಂತ ಗಿಡವಿದ್ದರೆ ಬೇಲಿಯ ಉಳಿದ ಭಾಗಕ್ಕೆ ಅದರ ಕಡ್ಡಿಗಳನ್ನೇ ಬಳಸಿ. ಮಳೆಗಾಲದಲ್ಲಿ ಪೂರ್ತಿ ಎಳೆಯದೂ ಅಲ್ಲದ, ಪೂರ್ತಿ ಬಲಿತದ್ದೂ ಅಲ್ಲದ ಕಡ್ಡಿಯನ್ನು ನಾಲ್ಕರಿಂದ ಆರು ಇಂಚು ಉದ್ದಕ್ಕೆ ಕತ್ತರಿಸಿ, ಮೇಲಿನ ಒಂದು ಜೊತೆ ಎಲೆ ಉಳಿಸಿ, ಕೆಳತುದಿಯನ್ನು ಬೇರು ಬರಿಸುವ ಹಾರ್ಮೋನ್ ಪುಡಿಗೆ ಅದ್ದಿ, ನಾರಿನ ಹುಡಿ ಮತ್ತು ಮರಳಿನ ಮಿಶ್ರಣದಲ್ಲಿ ಊರಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ನೆರಳಿನಲ್ಲಿಡಿ. ಬೇರು ಬರಲು ಒಂದೂವರೆ ಎರಡು ತಿಂಗಳು ಹಿಡಿಯುತ್ತದೆ. ಬೇರು ಬಂತೇ ಎಂದು ನಡುನಡುವೆ ಕಿತ್ತು ನೋಡಿದರೆ ಎಳೆಯ ಬೇರು ಮುರಿಯುತ್ತದೆ. ಕಡ್ಡಿಯನ್ನು ಮೆಲ್ಲಗೆ ಎಳೆದಾಗ ಅದು ಬಿಗಿಯಾಗಿ ನಿಂತರೆ ಬೇರು ಹಿಡಿದಿದೆ ಎಂದು ತಿಳಿಯಬಹುದು. ಹೊಸ ಚಿಗುರು ಎರಡು ಜೊತೆ ಎಲೆ ಬಿಟ್ಟ ನಂತರ ಪ್ಲಾಸ್ಟಿಕ್ಕನ್ನು ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ತೆರೆದು ಹೊರಗಿನ ಗಾಳಿಗೆ ಒಗ್ಗಿಸಿ, ಹಂತ 3ರ ಮಿಶ್ರಣ ತುಂಬಿದ ಸಣ್ಣ ಚೀಲಗಳಿಗೆ ವರ್ಗಾಯಿಸಿ, ಮುಂದಿನ ಮುಂಗಾರಿನಲ್ಲಿ ನೆಲಕ್ಕೆ ಇಳಿಸಿ.